ಸಂತೆಯಲ್ಲಿ ಮಲಗಲಾರದ ಮಕ್ಕಳು

ಮಾತು ತಡವಾಗಿದೆ, ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ, ಆಟಿಕೆ ಕಾರಿನ ಗಾಲಿಯನ್ನು ಗಂಟೆಗಟ್ಟಲೆ ತಿರುಗಿಸುತ್ತಾ ಕೂತಿರುತ್ತಾನೆ. ತಜ್ಞರೆದುರು ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ತಂದೆತಾಯಿಗೆ ಕೊಟ್ಟ ಸಮಯ ತೀರಿರುತ್ತದೆ. ಎದ್ದು ಬಾಗಿಲವರೆಗೆ ಬಂದ ತಾಯಿಗೆ ಇನ್ನೊಂದು ಮಾತು ನೆನಪಾಗುತ್ತದೆ: ‘ಡಾಕ್ಟ್ರೇ, ಇವನು ರಾತ್ರಿ ಮಲಗೋದೇ ಇಲ್ಲ.’ ಅದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಆಟಿಸಂ ಇರೋ ಮಕ್ಕಳಲ್ಲಿ ಅದು ಸಾಮಾನ್ಯಮ್ಮ.’

ಮಾತು ಸುಳ್ಳಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಶೇ 50ರಿಂದ 80ರಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ನಿದ್ದೆಯ ತೊಂದರೆ ಇರುತ್ತದೆ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ), ಡೌನ್ ಸಿಂಡ್ರೋಮ್ ಮೊದಲಾದ ನರವೈವಿಧ್ಯದ, ಅಂದರೆ ಮಿದುಳು ಬೇರೆ ಬಗೆಯಲ್ಲಿ ಬೆಳೆಯುವ, ಮಕ್ಕಳಲ್ಲೂ ಇದು ಉಳಿದ ಮಕ್ಕಳಿಗಿಂತ ಹೆಚ್ಚು. ಆದರೆ ‘ಸಾಮಾನ್ಯ’ ಎಂಬ ಮಾತು ಹೇಳಿದ ಮೇಲೆ ‘ಯಾಕೆ’ ಎಂದು ಕೇಳುವವರು ಇರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ನಿದ್ದೆ ಬಾರದಿರುವುದಕ್ಕೆ ಹತ್ತು ಕಾರಣಗಳಿರಬಹುದು. ಅವುಗಳಲ್ಲಿ ಕೆಲವನ್ನು ಒಂದು ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದು, ಕೆಲವು ಮೂಗಿನ ಹಿಂದಿರುವ ಗ್ರಂಥಿಯಲ್ಲಿ ಕೂತಿರುತ್ತವೆ, ಇನ್ನು ಕೆಲವು ನಿಜಕ್ಕೂ ಮಿದುಳಿನ ರಚನೆಗೆ ಸೇರಿದವು. ಎಲ್ಲದಕ್ಕೂ ಆಟಿಸಂ ಎಂಬ ಒಂದೇ ಚೀಟಿ ಅಂಟಿಸಿದರೆ, ವಾಸಿಯಾಗಬಲ್ಲ ತೊಂದರೆಯೂ ಮಗುವಿನ ಸ್ವಭಾವವೆಂದೇ ಲೆಕ್ಕಕ್ಕೆ ಬಂದುಬಿಡುತ್ತದೆ.

ಮೊದಲು ಎಷ್ಟು ನಿದ್ದೆ ಕಡಿಮೆ ಎಂಬುದನ್ನು ನೋಡೋಣ. ಇಂಗ್ಲೆಂಡಿನ ಏವನ್ ಪ್ರದೇಶದಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸುಮಾರು 14 ಸಾವಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಅದರ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಮುಂದೆ ಆಟಿಸಂ ಎಂದು ಗುರುತಿಸಲ್ಪಟ್ಟ ಮಕ್ಕಳು ಎರಡೂವರೆ ವರ್ಷದಿಂದ ಹನ್ನೊಂದು ವರ್ಷದವರೆಗೆ ದಿನಕ್ಕೆ 17ರಿಂದ 43 ನಿಮಿಷ ಕಡಿಮೆ ಮಲಗಿದ್ದರು. ಎರಡೂವರೆ ವರ್ಷಕ್ಕೆ ಮೊದಲು ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ‘ಇಷ್ಟೇನಾ?’ ಎನ್ನಿಸಬಹುದು. ರಾತ್ರಿ ಎರಡು ಗಂಟೆಗೆ ಎದ್ದು ಬೆಳಗಿನವರೆಗೆ ಕಿಲಕಿಲ ನಗುತ್ತಾ ಮಂಚದ ಮೇಲೆ ಕುಣಿಯುವ ಮಗುವಿನ ಮನೆಯವರಿಗೆ ಈ ಅಂಕಿ ಅಣಕದಂತೆ ಕೇಳಿಸಬಹುದು. ಸರಾಸರಿಯಲ್ಲಿ ಚೆನ್ನಾಗಿ ಮಲಗುವ ಮಕ್ಕಳೂ ಸೇರಿರುತ್ತಾರೆ. ತೊಂದರೆ ಬರೀ ಒಟ್ಟು ನಿಮಿಷಗಳದ್ದೂ ಅಲ್ಲ. ಹಾಸಿಗೆಗೆ ಹೋದ ಮೇಲೆ ಒಂದು, ಒಂದೂವರೆ ಗಂಟೆಯಾದರೂ ನಿದ್ದೆ ಹತ್ತದಿರುವುದು, ನಡುರಾತ್ರಿ ಎಚ್ಚರವಾದರೆ ಮತ್ತೆ ಮಲಗಲಾಗದಿರುವುದು, ಇವತ್ತು ಒಂಬತ್ತಕ್ಕೆ ಮಲಗಿದ ಮಗು ನಾಳೆ ಹನ್ನೆರಡಾದರೂ ಮಲಗದಿರುವುದು, ಇವೇ ಮನೆಯನ್ನು ಹಣ್ಣುಗಾಯಿ ಮಾಡುವುದು.

ಹಾಗಾದರೆ ನಿದ್ದೆ ಕೆಟ್ಟಿದ್ದರಿಂದ ಆಟಿಸಂ ಬಂತೇ? ಈ ಪ್ರಶ್ನೆ ಅನೇಕ ತಾಯಂದಿರನ್ನು ಒಳಗೊಳಗೇ ಕೊರೆಯುತ್ತಿರುತ್ತದೆ. ‘ಆಗ ಸರಿಯಾಗಿ ಮಲಗಿಸಿದ್ದರೆ...’ ಎಂಬ ಕೊರಗು. ನೆದರ್ಲೆಂಡ್ಸಿನ ರಾಟರ್ಡ್ಯಾಮಿನಲ್ಲಿ 5 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಚಿಕ್ಕಂದಿನಿಂದ ಶಾಲೆಯ ವಯಸ್ಸಿನವರೆಗೆ ಗಮನಿಸಿದ ಸಂಶೋಧಕರು 2018ರಲ್ಲಿ ಕೊಟ್ಟ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. ಆಟಿಸಂನ ಲಕ್ಷಣಗಳಿದ್ದ ಮಕ್ಕಳಲ್ಲಿ ವಯಸ್ಸಾದಂತೆ ನಿದ್ದೆಯ ತೊಂದರೆ ಹೆಚ್ಚುತ್ತಾ ಹೋಯಿತು, ಉಳಿದವರಲ್ಲಿ ಕಡಿಮೆಯಾಗುತ್ತಾ ಬಂತು. ಆದರೆ ಮೊದಲೇ ಇದ್ದ ಲಕ್ಷಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಎಳವೆಯ ನಿದ್ದೆಗೇಡು ಮುಂದಿನ ಆಟಿಸಂ ಲಕ್ಷಣಗಳನ್ನು ಸೂಚಿಸಲಿಲ್ಲ. ತೊಟ್ಟಿಲು ತೂಗಿದ್ದು ಹೆಚ್ಚೋ ಕಡಿಮೆಯೋ ಎಂಬುದರಿಂದ ಆಟಿಸಂ ಬರುವುದಿಲ್ಲ.

ಅಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ನಿದ್ದೆ ಆಟಿಸಂಗೆ ಕಾರಣವಲ್ಲದಿದ್ದರೂ, ಆಟಿಸಂ ಇರುವ ಮಿದುಳೂ ನಿದ್ದೆಯಲ್ಲಿಯೇ ಬೆಳೆಯಬೇಕು.

ನಿದ್ದೆಯಲ್ಲಿ ನಡೆಯುವ ಕೆಲಸ

ನವಜಾತ ಶಿಶು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ‘ಸಕ್ರಿಯ ನಿದ್ದೆ’. ದೊಡ್ಡವರ ಕನಸಿನ ನಿದ್ದೆಯ ಎಳವೆಯ ರೂಪ ಅದು. ದೊಡ್ಡವರಲ್ಲಿ ಅದರ ಪಾಲು ಕಾಲುಭಾಗಕ್ಕಿಂತ ಹೆಚ್ಚಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಇನ್ನೂ ಹೆಚ್ಚು. ಬೆಳವಣಿಗೆ ಭರದಿಂದ ನಡೆಯುವ ಕಾಲದಲ್ಲಿಯೇ ಈ ನಿದ್ದೆ ಇಷ್ಟು ಹೆಚ್ಚಿರುವುದು ಕಾಕತಾಳೀಯವಲ್ಲ ಎಂಬ ವಾದವನ್ನು 1966ರಲ್ಲೇ ನಿದ್ದೆಯ ವಿಜ್ಞಾನಿಗಳಾದ ರಾಫ್‌ವಾರ್ಗ್, ಮುಝಿಯೊ ಮತ್ತು ಡಿಮೆಂಟ್ ಮಂಡಿಸಿದ್ದರು.

ಮಲಗಿದ ಕೂಸಿನ ಬೆರಳು ಪಟಕ್ಕನೆ ಕುಣಿಯುವುದನ್ನು, ತುಟಿ ನಡುಗುವುದನ್ನು ಎಲ್ಲರೂ ನೋಡಿರುತ್ತಾರೆ. ಕನಸು ಬಿದ್ದಿರಬೇಕು ಎಂದುಕೊಳ್ಳುತ್ತೇವೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಬ್ಲೂಂಬರ್ಗ್ ಇಲಿಮರಿಗಳಲ್ಲಿ ಇದನ್ನು ದಶಕಗಳ ಕಾಲ ಅಭ್ಯಸಿಸಿ ಬೇರೆಯದೇ ಅರ್ಥ ಹೇಳಿದರು. ಎಚ್ಚರದಲ್ಲಿ ಕೈ ಆಡಿಸಿದರೆ ಮಿದುಳಿಗೆ ಒಮ್ಮೆಲೇ ನೂರು ಸುದ್ದಿ ಬರುತ್ತವೆ. ನಿದ್ದೆಯಲ್ಲಿ ಒಂದು ಸ್ನಾಯು ಮಾತ್ರ ಮಿಸುಕಿದರೆ ಬರುವುದು ಒಂದೇ ಸುದ್ದಿ. ‘ಇದು ಬೆರಳು, ಇದರ ತಂತಿ ಇಲ್ಲಿಗೆ ಬರುತ್ತದೆ’ ಎಂದು ಮಿದುಳು ತನ್ನ ದೇಹದ ನಕ್ಷೆಯನ್ನು ಬರೆದುಕೊಳ್ಳಲು ಆ ನಿಶ್ಶಬ್ದ ಬೇಕು. ಹೊಸ ಮನೆಗೆ ವಿದ್ಯುತ್ ತಂತಿ ಎಳೆದವರು ಒಂದೊಂದೇ ಸ್ವಿಚ್ ಒತ್ತಿ, ಯಾವ ದೀಪ ಹತ್ತಿತು ಎಂದು ನೋಡುತ್ತಾರಲ್ಲ, ಹಾಗೆ.

ನಕ್ಷೆ ಬರೆಯುವುದರ ಜೊತೆಗೆ ಅಳಿಸುವ ಕೆಲಸವೂ ಇದೆ. ಎಳೆಯ ಮಿದುಳು ಬೇಕಾದ್ದಕ್ಕಿಂತ ಹೆಚ್ಚು ನರಸಂಧಿಗಳನ್ನು (ನರಕೋಶಗಳ ನಡುವಿನ ಕೊಂಡಿಗಳನ್ನು) ಕಟ್ಟಿಕೊಂಡು, ಆಮೇಲೆ ಬೇಡದ್ದನ್ನು ಕಳೆ ಕೀಳುವಂತೆ ತೆಗೆಯುತ್ತದೆ. ಕನಸಿನ ನಿದ್ದೆಯಲ್ಲಿ ಹೊಸ ಸಂಧಿಗಳಲ್ಲಿ ಕೆಲವನ್ನು ಕಿತ್ತುಹಾಕಿ, ಕೆಲವನ್ನು ಗಟ್ಟಿ ಮಾಡುವುದನ್ನು 2017ರಲ್ಲಿ ಇಲಿಗಳ ಮಿದುಳಿನಲ್ಲಿ ನೇರವಾಗಿ ಕಂಡರು.

ಹಗಲಿನ ಜೊಂಪನ್ನೂ ಹಗುರವಾಗಿ ನೋಡುವಂತಿಲ್ಲ. 2006ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಹದಿನೈದು ತಿಂಗಳ ಮಕ್ಕಳಿಗೆ ಕೃತಕ ಭಾಷೆಯೊಂದರ ಪದಗುಚ್ಛಗಳನ್ನು ಕೇಳಿಸಿ, ನಾಲ್ಕು ಗಂಟೆ ಬಿಟ್ಟು ಪರೀಕ್ಷಿಸಿದರು. ನಡುವೆ ಮಲಗಿ ಎದ್ದಿದ್ದ ಮಕ್ಕಳು ಪದಗಳ ಹಿಂದಿದ್ದ ನಿಯಮವನ್ನು ಹಿಡಿದಿದ್ದರು. ಮಲಗದಿದ್ದವರಿಗೆ ಕೇಳಿದ ಗುಚ್ಛಗಳಷ್ಟೇ ನೆನಪಿದ್ದವು, ನಿಯಮ ಸಿಕ್ಕಿರಲಿಲ್ಲ. ಇದನ್ನು ಓದಿದವರಿಗೆ, ‘ಬಿಡಿ ವಿವರ ಚೆನ್ನಾಗಿ ನೆನಪಿರುತ್ತದೆ, ಒಟ್ಟು ಅರ್ಥ ಹಿಡಿಯುವುದು ಕಷ್ಟ’ ಎಂಬ ಆಟಿಸಂನ ವರ್ಣನೆ ಥಟ್ಟನೆ ನೆನಪಾಗಬಹುದು. ಜೋಡಿಸಿಬಿಡುವ ಆಸೆ ನನಗೂ ಆಗಿತ್ತು. ಆದರೆ ಆ ಪ್ರಯೋಗದಲ್ಲಿದ್ದವರು ಸಾಮಾನ್ಯ ಬೆಳವಣಿಗೆಯ ಮಕ್ಕಳು. ಅದನ್ನು ಆಟಿಸಂಗೆ ಎಳೆದು ತರುವುದು ನ್ಯಾಯವಲ್ಲ.

ನ್ಯಾಯವಾಗಿ ಹೇಳಬಹುದಾದ ಎರಡು ಸಂಗತಿಗಳಿವೆ. ಪ್ರೇರಿ ವೋಲ್ ಎಂಬ ಇಲಿಯಂಥ ಪುಟ್ಟ ಪ್ರಾಣಿ ಬಾಳಿಗೊಂದೇ ಜೋಡಿ ಕಟ್ಟಿಕೊಳ್ಳುವುದಕ್ಕೆ ಹೆಸರಾದುದು. ಅಮೆರಿಕದ ಆರೆಗಾನ್‌ನಲ್ಲಿ ಅದರ ಮರಿಗಳ ನಿದ್ದೆಯನ್ನು ಒಂದು ವಾರ ಮೃದುವಾಗಿ ಕೆಡಿಸಿ ನೋಡಿದರು. ಕನಸಿನ ನಿದ್ದೆ ಕಡಿಮೆಯಾದ ಆ ಮರಿಗಳು ದೊಡ್ಡವಾದ ಮೇಲೆ ಸಂಗಾತಿಯೊಡನೆ ಬಾಂಧವ್ಯ ಬೆಳೆಸಿಕೊಳ್ಳುವುದರಲ್ಲಿ ಹಿಂದೆ ಬಿದ್ದವು. ಮಿದುಳಿನ ಸ್ಪರ್ಶದ ಭಾಗದಲ್ಲಿ, ಬೇರೆ ನರಕೋಶಗಳಿಗೆ ತಡೆಯೊಡ್ಡುವ ನರಕೋಶಗಳ ಗುರುತು ಹೆಚ್ಚಾಗಿತ್ತು. ಇದು 2019ರ ಮಾತು. 2020ರಲ್ಲಿ ಅಮೆರಿಕದ ಶಿಶು ಮಿದುಳು ಚಿತ್ರಣ ಜಾಲವೊಂದು 432 ಶಿಶುಗಳ ವಿವರ ಪ್ರಕಟಿಸಿತು. ಮೊದಲ ವರ್ಷದಲ್ಲಿ ನಿದ್ದೆಗೆ ಜಾರಲು ಕಷ್ಟಪಡುತ್ತಿದ್ದ, ಮುಂದೆ ಆಟಿಸಂ ಎಂದು ಗುರುತಿಸಲ್ಪಟ್ಟ ಮಕ್ಕಳಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎರಡು ವರ್ಷದವರೆಗೆ ಇತರರಿಗಿಂತ ವೇಗವಾಗಿ ಬೆಳೆದಿತ್ತು. ಒಂದು ಇನ್ನೊಂದಕ್ಕೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ನಿದ್ದೆಯೂ ಮಿದುಳಿನ ಬೆಳವಣಿಗೆಯೂ ಆ ವಯಸ್ಸಿನಲ್ಲಿ ಒಂದೇ ದಾರದಲ್ಲಿ ಹೆಣೆದುಕೊಂಡಿವೆ ಎಂಬಷ್ಟು ತಿಳಿಯುತ್ತದೆ.

ಬಾಗಿಲು ಮುಚ್ಚದ ಮಿದುಳು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ಈ ಮಕ್ಕಳ ವಿಷಯದಲ್ಲಿ ಗಾದೆ ಅರ್ಧ ಮಾತ್ರ ಹೇಳುತ್ತದೆ. ಸಂತೆಯಲ್ಲಿ ನಿದ್ದೆ ಬರಬೇಕಾದರೆ ಚಿಂತೆ ಇಲ್ಲದಿದ್ದರೆ ಸಾಲದು, ಸಂತೆಯನ್ನು ಹೊರಗಿಡುವ ಬಾಗಿಲೂ ಬೇಕು. ಮಿದುಳಿನ ನಡುವೆ ಇರುವ ಥಾಲಮಸ್ ಆ ಬಾಗಿಲು. ಕಣ್ಣು, ಕಿವಿ, ಚರ್ಮದ ಸುದ್ದಿಗಳೆಲ್ಲ ಅದರ ಮೂಲಕವೇ ಮೇಲಕ್ಕೆ ಹೋಗಬೇಕು. ನಿದ್ದೆ ಆವರಿಸಿದಾಗ ಅದು ಕದ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮಿದುಳಿನ ಅಲೆಗಳಲ್ಲಿ ಕದಿರಿನ ಆಕಾರದ ಚಿಕ್ಕ ಚಿಕ್ಕ ಕಂತೆಗಳು ಕಾಣಿಸುತ್ತವೆ. ಸದ್ದು ಒಳಗೆ ಬಾರದಂತೆ ತಡೆಯುವುದರಲ್ಲೂ, ಹಗಲಲ್ಲಿ ಕಲಿತದ್ದನ್ನು ನೆಲೆಗೊಳಿಸುವುದರಲ್ಲೂ ಅವುಗಳ ಪಾತ್ರವಿದೆ. ಆಟಿಸಂ ಇರುವ ಎಳೆಯ ಮಕ್ಕಳಲ್ಲಿ ಈ ಕಂತೆಗಳು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಮಲಗಿರುವಾಗ ತೆಗೆದ ಮಿದುಳು ಚಿತ್ರಗಳಲ್ಲಿ ಥಾಲಮಸ್ಸಿಗೂ ಶ್ರವಣದ ಭಾಗಕ್ಕೂ ನಡುವಿನ ಸಂಪರ್ಕ ಅತಿಯಾಗಿದ್ದುದು ಕಂಡಿದೆ. ಆ ಸಂಪರ್ಕ ಹೆಚ್ಚಿದ್ದಷ್ಟೂ ನಿದ್ದೆಯ ತೊಂದರೆಯೂ ಹೆಚ್ಚು.

ಅಂದರೆ ಪಕ್ಕದ ಕೋಣೆಯಲ್ಲಿ ಫ್ರಿಜ್ ಗುಂಯ್‌ಗುಟ್ಟುವುದು, ಅಂಗಿಯ ಹಿಂದಿನ ಲೇಬಲ್ ಕುತ್ತಿಗೆಗೆ ತಾಗುವುದು, ಫ್ಯಾನಿನ ಒಂದೇ ಒಂದು ಕಿರ್ ಸದ್ದು, ಇವು ನಮ್ಮ ಪಾಲಿಗೆ ಇಲ್ಲವೇ ಇಲ್ಲ. ಮಗುವಿನ ಪಾಲಿಗೆ ರಾತ್ರಿಯಿಡೀ ಇವೆ. ಇದಕ್ಕೆ ತದ್ವಿರುದ್ಧವಾಗಿ, ತನ್ನ ದೇಹದ ಒಳಸುದ್ದಿಗಳೇ ಕೆಲವು ಮಕ್ಕಳಿಗೆ ಕೇಳಿಸುವುದಿಲ್ಲ. ಹಸಿವು, ಮೂತ್ರದ ಅವಸರ, ದಣಿವು ಯಾವುದೂ ಗೊತ್ತಾಗದೆ, ನಿದ್ದೆ ಮೀರಿದಷ್ಟೂ ಓಡಾಟ ಹೆಚ್ಚುತ್ತದೆ. ‘ಇಷ್ಟು ಚುರುಕಾಗಿದ್ದಾನೆ, ಇವನಿಗೆ ನಿದ್ದೆ ಬಂದಿರಲಾರದು’ ಎಂದು ಮನೆಯವರು ಮೋಸ ಹೋಗುವುದು ಇಲ್ಲಿಯೇ.

ದೇಹದೊಳಗಿನ ಗಡಿಯಾರದ ಮಾತೂ ಇದೆ. ಕತ್ತಲಾದಂತೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಸುರಿಸಿ ‘ರಾತ್ರಿಯಾಯಿತು’ ಎಂದು ದೇಹಕ್ಕೆ ಸಾರುತ್ತದೆ. ಆಟಿಸಂ ಇರುವ ಹಲವರಲ್ಲಿ ಇದರ ಪ್ರಮಾಣ ಕಡಿಮೆ ಇರುವುದು ಕಂಡುಬಂದಿದೆ. ಮೆಲಟೋನಿನ್ ತಯಾರಿಕೆಯ ಕೊನೆಯ ಹೆಜ್ಜೆಯ ಕಿಣ್ವವನ್ನು ರೂಪಿಸುವ ಎಎಸ್‌ಎಂಟಿ ಜೀನಿನಲ್ಲಿ ಕೆಲವರಿಗೆ ದೋಷವಿರುವುದನ್ನು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ತಂಡ 2008ರಲ್ಲಿ ತೋರಿಸಿತು. ಗಡಿಯಾರ ಪೂರ್ತಿ ತಿರುಗುಮುರುಗಾಗಿರುವ ಉದಾಹರಣೆಯೂ ಉಂಟು. ಹದಿನೇಳನೆಯ ಕ್ರೋಮೋಸೋಮಿನ ತುಣುಕೊಂದು ಇಲ್ಲವಾಗಿ ಬರುವ ಸ್ಮಿತ್–ಮಜೆನಿಸ್ ಸಿಂಡ್ರೋಮಿನ ಬಹುಪಾಲು ಮಕ್ಕಳಲ್ಲಿ ಮೆಲಟೋನಿನ್ ಹಗಲಿನಲ್ಲಿ ಏರುತ್ತದೆ. ಮಗು ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತದೆ, ಬೆಳಗಿನ ಜಾವಕ್ಕೂ ಮೊದಲೇ ಎದ್ದು ಕೂರುತ್ತದೆ. ಅಂಥ ಮಗುವನ್ನು ‘ಶಿಸ್ತಿಲ್ಲ’ ಎಂದು ಬಯ್ದರೆ ಚಂದ್ರನನ್ನು ಬಯ್ದಂತೆ. ಎಡಿಎಚ್‌ಡಿ ಇರುವ, ನಿದ್ದೆ ಹತ್ತದ ಮಕ್ಕಳಲ್ಲಿ ಗಡಿಯಾರ ತಲೆಕೆಳಗಾಗಿಲ್ಲ, ತಡವಾಗಿ ಓಡುತ್ತದೆ. ಅವರು ಸೇವಿಸುವ ಕೆಲವು ಔಷಧಿಗಳೂ ನಿದ್ದೆಯನ್ನು ಇನ್ನಷ್ಟು ತಡ ಮಾಡಬಲ್ಲವು.

ಆಟಿಸಂ ಎನ್ನುವ ಮೊದಲು

ಈ ಭಾಗವನ್ನು ನಾನು ಬೇಕೆಂದೇ ಹಿಗ್ಗಿಸುತ್ತಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಇದೇ.

ಒಂದು, ಕಬ್ಬಿಣಾಂಶ. ಆಟಿಸಂ ಇರುವ ಎಷ್ಟೋ ಮಕ್ಕಳು ಬೆರಳೆಣಿಕೆಯ ತಿನಿಸುಗಳನ್ನಷ್ಟೇ ತಿನ್ನುತ್ತಾರೆ. ಬಣ್ಣ ಬದಲಾದರೆ ಬೇಡ, ಮೆತ್ತಗಿದ್ದರೆ ಬೇಡ. ಹೀಗಿರುವಾಗ ದೇಹದ ಕಬ್ಬಿಣದ ಸಂಗ್ರಹ ಇಳಿಯುವುದು ಸಹಜ. ಡೋಪಮೈನ್ ಎಂಬ ಸುದ್ದಿವಾಹಕ ರಾಸಾಯನಿಕವನ್ನು ತಯಾರಿಸಲು ಮಿದುಳಿಗೆ ಕಬ್ಬಿಣ ಬೇಕು. ಅದು ಕಡಿಮೆಯಾದರೆ ಮಲಗಿದೊಡನೆ ಕಾಲೊಳಗೆ ಇರುವೆ ಹರಿದಂಥ, ಝಾಡಿಸದೆ ಇರಲಾಗದಂಥ ಚಡಪಡಿಕೆ ಶುರುವಾಗಬಹುದು. ಮಾತು ಬಾರದ ಮಗು ಅದನ್ನು ಹೇಗೆ ಹೇಳೀತು? ಹಾಸಿಗೆಯಿಂದೆದ್ದು ಓಡುತ್ತದೆ, ಗೋಡೆಗೆ ಕಾಲು ಒದೆಯುತ್ತದೆ. ನೋಡುವವರಿಗೆ ಹಠ. ಇಲ್ಲಿ ಹಿಮೋಗ್ಲೋಬಿನ್ ಸರಿಯಿದೆ ಎಂದು ಸುಮ್ಮನಾಗುವಂತಿಲ್ಲ, ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಎಂಬ ಬೇರೆ ಪರೀಕ್ಷೆ ಬೇಕು. ಕಾಲಿನ ಚಡಪಡಿಕೆ ಇರುವ ಮಕ್ಕಳಲ್ಲಿ ಅದು ಮಿಲಿಲೀಟರಿಗೆ 50 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣ ಕೊಡುವ ಬಗ್ಗೆ ಯೋಚಿಸಬೇಕೆಂದು ತಜ್ಞರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಅದೇ ಸಂಖ್ಯೆ ‘ನಾರ್ಮಲ್’ ಎಂದು ಅಚ್ಚಾಗಿರಬಹುದು ಎಂಬುದು ವಿಪರ್ಯಾಸ. ಹಾಗೆಂದು ಕಬ್ಬಿಣದ ಔಷಧಿಯನ್ನು ತಾವೇ ತಂದು ಕುಡಿಸುವ ಸಾಹಸ ಬೇಡ. ಪ್ರಮಾಣ ಮೀರಿದರೆ ಮಕ್ಕಳಿಗೆ ಅದು ವಿಷ.

ಉಸಿರಾಟ ಇನ್ನೊಂದು. ಮೂಗಿನ ಹಿಂದಿನ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ಊದಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಬಿಡುತ್ತದೆ. ಮಗು ಗೊರಕೆ ಹೊಡೆಯುತ್ತದೆ, ಬಾಯಿ ತೆರೆದು ಮಲಗುತ್ತದೆ, ತಲೆ ಹಿಂದಕ್ಕೆ ಚಾಚುತ್ತದೆ, ಬೆವರುತ್ತದೆ. ದೊಡ್ಡವರು ನಿದ್ದೆಗೆಟ್ಟರೆ ಮಂಕಾಗುತ್ತಾರೆ. ಮಕ್ಕಳು ನಿದ್ದೆಗೆಟ್ಟರೆ ಕುಣಿಯುತ್ತಾರೆ, ಕೆರಳುತ್ತಾರೆ. ಹಾಗಾಗಿ ಇದು ಎಡಿಎಚ್‌ಡಿಯ ವೇಷದಲ್ಲೂ ಬರಬಲ್ಲದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ತೊಂದರೆ ಎಷ್ಟು ಹೆಚ್ಚೆಂದರೆ, ಲಕ್ಷಣ ಕಾಣಲಿ ಬಿಡಲಿ ನಾಲ್ಕು ವರ್ಷ ತುಂಬುವುದರೊಳಗೆ ನಿದ್ದೆಯ ಪರೀಕ್ಷೆ ಮಾಡಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ಮಾಡುತ್ತದೆ.

ಮಲಬದ್ಧತೆ, ಎದೆಯುರಿ, ಹಲ್ಲುನೋವು, ಕಿವಿನೋವು, ಇವೂ ರಾತ್ರಿ ಎಬ್ಬಿಸುತ್ತವೆ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಇತರರಿಗಿಂತ ಹಲವು ಪಟ್ಟು ಹೆಚ್ಚು, ಮತ್ತು ಅದು ರಾತ್ರಿ ಮಾತ್ರ ಕಾಣಿಸಿಕೊಳ್ಳುವುದುಂಟು. ಮಗು ಇದ್ದಕ್ಕಿದ್ದಂತೆ ರಾತ್ರಿ ಚೀರಿ ಏಳತೊಡಗಿದರೆ, ಅಥವಾ ಕಲಿತ ಮಾತು ಮರೆಯತೊಡಗಿದರೆ ಅದನ್ನು ‘ಸಾಮಾನ್ಯ’ದ ಲೆಕ್ಕಕ್ಕೆ ಸೇರಿಸಬಾರದು.

ಏನು ಮಾಡಬಹುದು, ಏನು ಮಾರಾಟವಾಗುತ್ತಿದೆ

ಅಮೆರಿಕದ ನರವಿಜ್ಞಾನ ಅಕಾಡೆಮಿ 2020ರಲ್ಲಿ ಆಟಿಸಂ ಮಕ್ಕಳ ನಿದ್ದೆಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಮೊದಲು ದೇಹದ ಕಾರಣಗಳನ್ನು ಹುಡುಕಬೇಕು, ಜೊತೆಗೆ ಮಲಗುವ ರೂಢಿ ಬದಲಿಸಬೇಕು, ಅದು ಸಾಲದಿದ್ದರೆ ಮೆಲಟೋನಿನ್. ಬಹುಪಾಲು ಮನೆಗಳಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ ಎಂಬುದು ನನ್ನ ಅನುಮಾನ.

ರೂಢಿ ಎಂದಾಗ ಬರುವ ಮೊದಲ ತಪ್ಪು, ಬೇರೆ ಮಕ್ಕಳ ಪಾಠವನ್ನು ಹಾಗೆಯೇ ಇಳಿಸಿಕೊಳ್ಳುವುದು. ‘ಅತ್ತು ಅತ್ತು ತಾನೇ ಮಲಗಲಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನೋವೆಂದು ಹೇಳಲು ಮಾತಿಲ್ಲದ ಮಗುವಿನ ಅಳುವನ್ನು ಕಿವಿಗೆ ಹಾಕಿಕೊಳ್ಳದಿರುವುದನ್ನು ನಾನಂತೂ ಒಪ್ಪಲಾರೆ. ಅದಕ್ಕಿಂತ ಸೌಮ್ಯವಾದ, ಪ್ರಯೋಗಗಳಲ್ಲಿ ಫಲ ಕೊಟ್ಟ ದಾರಿ ಇದೆ. ಮಗು ನಿಜವಾಗಿ ನಿದ್ದೆ ಹೋಗುವುದು ಹನ್ನೊಂದಕ್ಕೆ ಎಂದಾದರೆ, ಒಂಬತ್ತಕ್ಕೇ ಹಾಸಿಗೆಗೆ ತಳ್ಳಿ ಎರಡು ಗಂಟೆ ಗುದ್ದಾಡಬೇಡಿ. ಹನ್ನೊಂದಕ್ಕೇ ಮಲಗಿಸಿ. ಹಾಸಿಗೆಗೆ ಹೋದರೆ ನಿದ್ದೆ ಬರುತ್ತದೆ ಎಂಬ ನಂಟು ಕುದುರಿದ ಮೇಲೆ ಕೆಲವು ದಿನಕ್ಕೊಮ್ಮೆ ಹದಿನೈದು ನಿಮಿಷ ಬೇಗ ಮಲಗಿಸುತ್ತಾ ಬನ್ನಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಕೂಡದು. ಹಲ್ಲುಜ್ಜುವುದು, ಅಂಗಿ ಬದಲಿಸುವುದು, ದೀಪ ಆರಿಸುವುದು ಎಂದು ಚಿತ್ರಗಳ ಸಾಲು ಗೋಡೆಗೆ ಅಂಟಿಸಿದರೆ, ಮಾತಿಗಿಂತ ಚಿತ್ರ ಬೇಗ ತಿಳಿಯುವ ಮಗುವಿಗೆ ಮುಂದೇನು ಎಂಬ ಆತಂಕ ಇಳಿಯುತ್ತದೆ. ಮಲಗುವ ಮುನ್ನ ಮೈ ತೂಗುವುದು, ಗುನುಗುವುದು ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ಬಗೆ, ಅದನ್ನು ಬಿಡಿಸಹೋಗಬೇಡಿ. ನಿದ್ದೆ ಸರಿಪಡಿಸುವುದೆಂದರೆ ಆಟಿಸಂ ಕಡಿಮೆ ಮಾಡುವುದಲ್ಲ.

ಬೆಳಕಿನ ವಿಷಯವನ್ನು ಜನ ‘ಅಯ್ಯೋ, ಗೊತ್ತಿದ್ದದ್ದೇ’ ಎಂದು ತಳ್ಳಿಹಾಕುತ್ತಾರೆ. ಗೊತ್ತಿದ್ದದ್ದಕ್ಕಿಂತ ಅದು ದೊಡ್ಡದು. ಕೊಲರಾಡೊದಲ್ಲಿ ಮೂರರಿಂದ ಐದು ವರ್ಷದ ಮಕ್ಕಳನ್ನು ಮಲಗುವ ಮುನ್ನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಕೂರಿಸಿದಾಗ ಮೆಲಟೋನಿನ್ ಶೇ 88ರಷ್ಟು ಕುಸಿಯಿತು. ದೀಪ ಆರಿಸಿ 50 ನಿಮಿಷ ಕಳೆದರೂ ಬಹುತೇಕರಲ್ಲಿ ಮೇಲೇಳಲಿಲ್ಲ. 2022ರ ಮುಂದಿನ ಪ್ರಯೋಗದಲ್ಲಿ 5ರಿಂದ 40 ಲಕ್ಸ್‌ನಷ್ಟು ಮಂದ ಬೆಳಕೂ ಸರಾಸರಿ ಶೇ 78ರಷ್ಟು ಇಳಿಸಿತು. ಇವರೆಲ್ಲ ಸಾಮಾನ್ಯ ಬೆಳವಣಿಗೆಯ ಮಕ್ಕಳು. ಸಂಜೆಯೆಲ್ಲ ಟ್ಯಾಬ್ ಕೊಟ್ಟು ಕೂರಿಸಿ, ಆಮೇಲೆ ಮೆಲಟೋನಿನ್ ಕೊಡುವುದು ಮಗುವನ್ನು ಚಿವುಟಿ ತೊಟ್ಟಿಲು ತೂಗಿದಂತೆಯೇ. ದಣಿದ ತಾಯಿಗೆ ಆ ಟ್ಯಾಬ್ ಅರ್ಧ ಗಂಟೆಯ ಉಸಿರು ಎಂಬುದೂ ನಿಜ. ಆ ಅರ್ಧ ಗಂಟೆಯನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ಸರಿಸಲಾದರೂ ಗೆದ್ದಂತೆ.

ಮೆಲಟೋನಿನ್ ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಎಲ್ಲರಿಗೂ ಅಲ್ಲ. ರೂಢಿ ಬದಲಿಸಿ ಫಲ ಕಾಣದ 125 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿಧಾನವಾಗಿ ಕರಗುವ ಮೆಲಟೋನಿನ್ ಪಡೆದವರ ನಿದ್ದೆ 13 ವಾರಗಳಲ್ಲಿ ಸರಾಸರಿ 57 ನಿಮಿಷ ಹೆಚ್ಚಿತು. ಹುಸಿಮಾತ್ರೆ ಪಡೆದವರಲ್ಲಿ 9 ನಿಮಿಷ. ಮರುವರ್ಷ ಯುರೋಪು ಅದಕ್ಕೆ ಅನುಮತಿ ಕೊಟ್ಟಿತು. ಆದರೆ ಅದೇ ಹೆಸರಿನಲ್ಲಿ ಬರುವ ಜೆಲ್ಲಿ ಮಿಠಾಯಿಗಳ ಕತೆ ಬೇರೆ. ಅಮೆರಿಕದಲ್ಲಿ 2023ರಲ್ಲಿ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರ ಲೇಬಲ್ ತಪ್ಪಾಗಿತ್ತು. ಬರೆದದ್ದರ ಮೂರೂವರೆ ಪಟ್ಟು ಮೆಲಟೋನಿನ್ ಇದ್ದದ್ದೂ ಇತ್ತು, ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಎಷ್ಟು, ಯಾವಾಗ, ಎಷ್ಟು ಕಾಲ ಎಂಬುದನ್ನು ಮಗುವನ್ನು ನೋಡುವ ವೈದ್ಯರೇ ಹೇಳಬೇಕು.

ಭಾರದ ಹೊದಿಕೆಗೂ ಈಗ ಬೇಡಿಕೆ. ಬ್ರಿಟನ್ನಿನಲ್ಲಿ 67 ಮಕ್ಕಳ ಮೇಲೆ ನಡೆದ 2014ರ ಪ್ರಯೋಗದಲ್ಲಿ ಅದರಿಂದ ನಿದ್ದೆ ಹೆಚ್ಚಲಿಲ್ಲ, ಎಚ್ಚರವಾಗುವುದು ತಗ್ಗಲಿಲ್ಲ. ಆದರೂ ಮಕ್ಕಳೂ ಹೆತ್ತವರೂ ಅದನ್ನೇ ಮೆಚ್ಚಿದರು. ದೊಡ್ಡ ಮಗುವಿಗೆ ಹಿತವೆನಿಸಿದರೆ ಹೊದಿಯಲಿ ಬಿಡಿ. ಶಿಶುಗಳಿಗೆ ಮಾತ್ರ ಖಂಡಿತ ಸಲ್ಲದು, ಉಸಿರಿಗೆ ಅಪಾಯ.

ವೈದ್ಯರ ಬಳಿ ಹೋಗುವ ಮುನ್ನ ಎರಡು ವಾರ ಒಂದು ಪುಸ್ತಕದಲ್ಲಿ ದೀಪ ಆರಿಸಿದ ಹೊತ್ತು, ನಿದ್ದೆ ಹತ್ತಿದ ಹೊತ್ತು, ಎದ್ದ ಹೊತ್ತುಗಳನ್ನು ಬರೆದಿಟ್ಟುಕೊಳ್ಳುವುದು, ಗೊರಕೆಯನ್ನೋ ಕಾಲು ಒದೆಯುವುದನ್ನೋ ಅರ್ಧ ನಿಮಿಷ ಫೋನಿನಲ್ಲಿ ಚಿತ್ರಿಸಿಕೊಳ್ಳುವುದು, ಹತ್ತು ನಿಮಿಷ ಬಾಯಲ್ಲಿ ವಿವರಿಸುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಾಗಿಲ ಬಳಿ ನೆನಪಿಸಿಕೊಳ್ಳುವ ಬದಲು ಅದನ್ನೇ ಮೊದಲು ಮೇಜಿನ ಮೇಲಿಡಬಹುದು.

ಎಲ್ಲವನ್ನೂ ಹುಡುಕಿ, ಎಲ್ಲವನ್ನೂ ಮಾಡಿ ನೋಡಿದ ಮೇಲೂ ಕೆಲವು ಮಕ್ಕಳು ಕಡಿಮೆಯೇ ಮಲಗುತ್ತಾರೆ. ಆಗ ಪ್ರಶ್ನೆ ಬದಲಾಗುತ್ತದೆ. ಮಗು ಮೂರಕ್ಕೆ ಎದ್ದು ತನ್ನ ಪಾಡಿಗೆ ನಗುತ್ತಾ ಕೂತಿದ್ದರೆ, ಹಗಲಲ್ಲಿ ಗೆಲುವಾಗಿದ್ದರೆ, ತೊಂದರೆ ಯಾರದ್ದು? ತೂಕಡಿಸುತ್ತಾ ಕಾವಲು ಕೂತ ತಾಯಿಯದ್ದು. ಅಂಥ ಮನೆಗೆ ಬೇಕಾದುದು ಕಾವಲು ಬೇಡದ ರಾತ್ರಿ: ಎಟುಕದ ಎತ್ತರದಲ್ಲಿ ಚಿಲಕ, ಗೋಡೆಗೆ ಬಿಗಿದ ಕಪಾಟು, ಮುಚ್ಚಳವಿರುವ ಪ್ಲಗ್, ಕೈಗೆ ಸಿಗುವಂತೆ ಸದ್ದಿಲ್ಲದ ಒಂದೆರಡು ಆಟಿಕೆ, ಗಂಡಹೆಂಡತಿ ಸರದಿಯ ಮೇಲೆ ಮಲಗುವ ಒಪ್ಪಂದ. ಗಡಿಯಾರ ಓದಲು ಬಾರದ ಮಗುವಿಗೆ, ಏಳುವ ಹೊತ್ತಾಯಿತೆಂದು ಬೆಳಿಗ್ಗೆ ಆರಕ್ಕೆ ಬಣ್ಣ ಬದಲಿಸುವ ಒಂದು ಪುಟ್ಟ ದೀಪ. ಅಲ್ಲಿಯವರೆಗೆ ಅವನು ಕಾರಿನ ಗಾಲಿ ತಿರುಗಿಸುತ್ತಾ ಕೂತಿರಲಿ.